ಉಪ್ಪುನೀರು

ಬೆಳಿಗ್ಗೆ ಏಳಕ್ಕೆ ನನ್ನ ಕೋಣೆಗೆ ಬೀಗ, ಒಳಗಿನಿಂದ.
ಲೀಮಾದ ಆಗಸ್ಟು. ಮಳೆಯೂ ಅಲ್ಲದ, ಮಂಜೂ ಅಲ್ಲದ
ಅದೊಂದು ಒದ್ದೆ, ನಾವು ಗರೂವಾ ಅನ್ನುತ್ತೇವೆ,
ಕಿಟಕಿ ಗಾಜಿಗೆ ಮೂಗೊತ್ತಿ ನಿಂತಿದೆ.
ಫ್ರಿಜ್ಜಿನಲ್ಲಿ ಎರಡು ಬಗೆಯ ಸೀಸೆ:
ಒಂದರಲ್ಲಿ ಹಾಲು ಕದಡಿದಂಥ ಬಿಳುಪು,
ಇನ್ನೊಂದರಲ್ಲಿ ಬರೀ ಉಪ್ಪುನೀರು.

ಸಿರಿಂಜಿಗೆ ನೀಲಿ ಪಟ್ಟಿ ಸುತ್ತುತ್ತೇನೆ, ಮೈ ಕಾಣದ ಹಾಗೆ.
ಇಡೀ ಆಸ್ಪತ್ರೆಯಲ್ಲಿ ಕಣ್ಣು ತೆರೆದವಳು ನಾನೊಬ್ಬಳೇ.
ಚುಚ್ಚುವ ನರ್ಸಿಗೆ ಗೊತ್ತಿಲ್ಲ, ತೋಳೊಡ್ಡುವವರಿಗೆ ಗೊತ್ತಿಲ್ಲ,
ಜ್ವರ ಬರೆದುಕೊಳ್ಳುವ ಡಾಕ್ಟರಿಗೂ.
ಅದಕ್ಕೇ ಯಾರೂ ನನ್ನ ಜೊತೆ ಊಟಕ್ಕೆ ಕೂರುವಂತಿಲ್ಲ;
ಹುಬ್ಬು ಕೂಡ ಹೇಳಿಬಿಡುತ್ತದಂತೆ.
ಗೋಡೆಯಲ್ಲೊಂದು ಗೂಡು. ಅದರಿಂದ ತಟ್ಟೆ ಆಚೆ ತಳ್ಳಿ
ಮುಚ್ಚಳ ಎಳೆದುಕೊಳ್ಳುತ್ತೇನೆ.

ನಾನೂರ ಹದಿನೇಳು.
ಚೀಟಿ ಬಂತು. ಪಟ್ಟಿ ನೋಡಿದೆ: ಉಪ್ಪುನೀರು.
ತುಂಬಿದೆ, ಸುತ್ತಿದೆ, ತಳ್ಳಿದೆ.
ಮುಚ್ಚಳ ಬೀಳುವ ಮೊದಲು, ಗೇಣು ಸಂದಿಯಲ್ಲಿ ಕಂಡದ್ದು
ಕಿತ್ತಳೆ ಬಣ್ಣದ ಜಾಕೆಟ್ಟು, ಮೊಣಕೈಗೊಂದು ತೇಪೆ.
ಆ ತೇಪೆ ಹೊಲಿದದ್ದು ನಾನು.
ಕೆಳಮನೆಯ ಅಬ್ದೋನ್, ಮೂರು ಗಾಲಿಯ ಬಂಡಿಯವನು,
ಮೇ ತಿಂಗಳಿಡೀ ಗುಡ್ಡದ ನೆತ್ತಿಗೆ
ಪಕ್ಕದವರ, ಪರರ ಆಕ್ಸಿಜನ್ ಹೇರಿಕೊಂಡು
ಬಾಡಿಗೆ ಕೇಳದೆ ತಿರುಗಿದವನು.

ಆ ಸಂಜೆ ಮೆಟ್ಟಿಲ ಮೇಲೆ ತೋಳು ಮಡಚಿ ತೋರಿಸಿದ:
"ಮುಟ್ಟಿ ನೋಡು ಎದೆಲ್ಮೀರಾ, ನೋವು! ನನಗೆ ಸಿಕ್ಕಿದ್ದು ಅಸಲಿ."
ರೊಟ್ಟಿಯ ಚೀಲದೊಳಗೆ ಕಣ್ಣಿಟ್ಟೆ.
ಐದು. ಎಣಿಸಿದೆ. ಮತ್ತೆ ಎಣಿಸಿದೆ.
"ಮಾಸ್ಕು ಬಿಡಬೇಡ" ಅಂದೆ.
ಎಲ್ಲರಿಗೂ ಹೇಳಬಹುದಾದ ಮಾತು, ನಿಯಮದ ಹಾಳೆಯಲ್ಲೇ ಇದೆ.
ಎಷ್ಟು ಗಟ್ಟಿಯಾಗಿ ಹೇಳಬಹುದೆಂದು ಬರೆದಿರಲಿಲ್ಲ.
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಆಡದ್ದು ಮಾತ್ರ ಎಲ್ಲಿಗೂ ಹೋಗುವುದಿಲ್ಲ,
ನಾಲಿಗೆಯಡಿ ಕರಗದ ಹರಳಾಗಿ ಕೂತಿರುತ್ತದೆ.

ಲೆಕ್ಕ ಇಷ್ಟೇ: ಯಾರಾದರೂ ಕಾಯಿಲೆ ಬೀಳಬೇಕು.
ಬೀಳದಿದ್ದರೆ ಏನೂ ತಿಳಿಯುವುದಿಲ್ಲ.
ಮದ್ದಿನ ಸಾಲಿನಲ್ಲಿ ಕಡಿಮೆ, ನೀರಿನ ಸಾಲಿನಲ್ಲಿ ಹೆಚ್ಚು,
ಆ ಅಂತರಕ್ಕೇ ಜಗತ್ತು ಬಾಗಿಲು ಹಾಕಿಕೊಂಡು ಕಾದದ್ದು.
ನಾನೂ ಕಾದೆ.
ಅವನು ಬೀಳದಿರಲಿ ಎಂದು,
ಎಣಿಕೆ ಬೇಗ ತುಂಬಲಿ ಎಂದು,
ಒಂದೇ ಮೇಣದಬತ್ತಿಗೆ ಎರಡು ಹರಕೆ.

ಅಕ್ಟೋಬರಿನಲ್ಲಿ, ನೇರಳೆ ಮೆರವಣಿಗೆ ಹೊರಡದ ಆ ವರ್ಷ,
ಬಿದ್ದ. ಎದ್ದ.
ವಾಸನೆಯೊಂದು ಹೋಯಿತು ಅಷ್ಟೇ, ಅಂದರು.
ಅವನ ಅತ್ತೆ ಫೌಸ್ತೀನಾ, ಜೋಳ ಬೇಯಿಸಿ ಮಾರುತ್ತಿದ್ದವಳು,
ಏಳಲಿಲ್ಲ.
ಅವನು ಒಂದು ಅಂಕಿಯಾದ, ನೀರಿನ ಸಾಲಿನಲ್ಲಿ.
ಆಕೆಗೆ ನಂಬರಿರಲಿಲ್ಲ.

ಗುಟ್ಟು ಒಡೆದ ವಾರ ಕಾಗದ ಹಿಡಿದು ಬಾಗಿಲಿಗೆ ಬಂದ.
"ನಿನಗೆ ಗೊತ್ತಿತ್ತಾ?"
"ಗೊತ್ತಿತ್ತು."
ಕೂತ. ಒಲೆಯ ಮೇಲೆ ಸಾರು ತಳ ಹಿಡಿಯಿತು.
ಅವನಿಗೆ ವಾಸನೆ ಬರಲಿಲ್ಲ, ನನಗೆ ಏಳಲಾಗಲಿಲ್ಲ.
ಹೊಗೆ ಕಣ್ಣಿಗೆ ಬಂದಾಗ ಅವನೇ ಎದ್ದು ಆರಿಸಿದ.
"ಎರಡು ಸಲವೂ ಸಮುದ್ರವನ್ನೇ ಚುಚ್ಚಿದಿರಿ" ಅಂದ, ನಕ್ಕ ಹಾಗೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು, ಸರಿ.
ಉಪ್ಪನ್ನೂ ನೀರನ್ನೂ ಒಟ್ಟಿಗೇ ತೋಳಿಗೆ ಪಡೆದವನ ಋಣ
ಯಾರು ಕುಡಿದು ತೀರಿಸುತ್ತಾರೆ?

ನೀರಿನವರಿಗೂ ಮದ್ದು ಕೊಡುವ ದಿನ ಬಂತು.
ನಾನೂರ ಹದಿನೇಳು.
ಬಿಳಿಯದನ್ನು ತುಂಬಿದೆ. ಪಟ್ಟಿ ಸುತ್ತಲಿಲ್ಲ.
ತಳ್ಳಿದೆ; ಮುಚ್ಚಳ ಎಳೆಯುವುದು ಮರೆತೆ.
ಆಚೆ ಬೆಂಚಿನ ಮೇಲೆ ಕಿತ್ತಳೆ ಜಾಕೆಟ್ಟು.
ಈ ಕಡೆ ನೋಡಲಿಲ್ಲ.
ತೇಪೆಯ ದಾರ ಒಂದು ಮೂಲೆಯಲ್ಲಿ ಬಿಟ್ಟುಕೊಂಡಿತ್ತು.